ಬಾಯಿ ಬಿಡದ ಕಾರು, ಬಾಯಿಗೆ ಬಂದ ಬಿಲ್ಲು

ಹಬ್ಬಕ್ಕೆಂದು ಬೆಂಗಳೂರಿನಿಂದ ಊರಿಗೆ ಹೊರಡುತ್ತೀರಿ. ಕುಂದಾಪುರ ದಾಟಿ ತಲ್ಲೂರು ಮುಟ್ಟುವಷ್ಟರಲ್ಲಿ ಎಂಜಿನ್ ದೀಪ ಹಳದಿಯಾಗಿ ಹತ್ತಿಕೊಳ್ಳುತ್ತದೆ. ಗಾಡಿ ಓಡುತ್ತಿದೆ, ದೀಪ ಆರುತ್ತಿಲ್ಲ. ಗ್ಯಾರೇಜಿನವರು ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾರೆ. ಅದು ಸತ್ತಂತೆ ಕೂತಿರುತ್ತದೆ. ಕೂಡಲೇ ತೀರ್ಪು: ‘ಇಸಿಯು ಹೋಗಿದೆ ಸಾರ್, ಹೊಸದು ಹಾಕಬೇಕು.’

ನನಗೆ ಹೇಳಿದ್ದು 38 ಸಾವಿರ ರೂಪಾಯಿ!

ಇಸಿಯು ಎಂದರೆ ಎಂಜಿನ್ ನಡೆಸುವ ಕಂಪ್ಯೂಟರು. ಅದು ಸತ್ತಿದ್ದರೆ ನಾನು ಆ ಗ್ಯಾರೇಜಿನವರೆಗೆ ಕಾರು ಓಡಿಸಿಕೊಂಡು ಬಂದದ್ದು ಹೇಗೆ? ಈ ಪ್ರಶ್ನೆ ಅಲ್ಲಿ ನನಗೆ ಹೊಳೆಯಲಿಲ್ಲ. ಇಂಗ್ಲಿಷಿನ ನಾಲ್ಕಕ್ಷರ ಕೇಳಿದರೆ ಸಾಕು, ನಮ್ಮ ಬಾಯಿಗೆ ಬೀಗ ಬೀಳುತ್ತದೆ.

ಬಿಡಿಸಿದವರು ತಲ್ಲೂರಿನ ಹೆದ್ದಾರಿ ಬದಿಯ ಇನ್ನೊಬ್ಬ ಮೆಕ್ಯಾನಿಕ್. ಸ್ಕ್ಯಾನರ್ ಮುಟ್ಟಲೇ ಇಲ್ಲ. ಫ್ಯೂಸ್ ಪೆಟ್ಟಿಗೆ ತೆಗೆದು, ‘ಮೊದ್ಲ್ ಇದನ್ನ್ ಕಾಣ್ಕ್ ಮರಾಯ್ರೆ’ ಎಂದರು. ಒಂದು ಫ್ಯೂಸ್ ಸುಟ್ಟಿತ್ತು. ಘಾಟಿಯಲ್ಲಿ ನಾನೇ ಸಿಗರೇಟ್ ಲೈಟರ್ ತೂತಿಗೆ ಗಾಳಿ ಪಂಪು ಸಿಕ್ಕಿಸಿದ್ದೆ. ಎಷ್ಟೋ ಕಾರುಗಳಲ್ಲಿ ಲೈಟರಿಗೂ ಓಬಿಡಿ ಸಾಕೆಟ್ಟಿಗೂ ಫ್ಯೂಸ್ ಒಂದೇ. ಹತ್ತು ರೂಪಾಯಿಯ ಫ್ಯೂಸ್ ಹಾಕಿದರು, ಸ್ಕ್ಯಾನರ್ ಮಾತಾಡಿತು. ದೀಪ ಹತ್ತಿದ್ದು ಸೆನ್ಸರಿನ ಒಂದು ಸಡಿಲ ಕನೆಕ್ಟರಿಗಾಗಿ.

ನೀವು ಇಷ್ಟನ್ನಾದರೂ ತಿಳಿದಿರಿ. ಆ ಸಾಕೆಟ್ಟಿನಲ್ಲಿ 16 ಪಿನ್ನುಗಳ ಜಾಗ. 16ನೆಯದಕ್ಕೆ ಬ್ಯಾಟರಿಯ ಪ್ಲಸ್. 4 ಮತ್ತು 5 ಅರ್ಥಿಂಗ್. ಇಗ್ನಿಷನ್ ಕೀ ಹಾಕದಿದ್ದರೂ 16 ಮತ್ತು 4ರ ನಡುವೆ ಮಲ್ಟಿಮೀಟರಿನಲ್ಲಿ 12 ವೋಲ್ಟಿನ ಆಸುಪಾಸು ಕಾಣಬೇಕು. ಕಾಣದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಅರ್ಥಿಂಗ್. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ, ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. ಇಲಿ ಕಡಿದ ವೈರಿನ ಕಥೆಯಂತೂ ಮಳೆಗಾಲದಲ್ಲಿ ಕೇಳುವುದೇ ಬೇಡ.

ಕರೆಂಟು ಸರಿಯಿದ್ದೂ ಮಾತಿಲ್ಲವೇ? ಈಗಿನ ಕಾರುಗಳಲ್ಲಿ ಮಾತು ಸಾಗುವುದು 6 ಮತ್ತು 14ನೆಯ ಪಿನ್ನಿನ ಕ್ಯಾನ್ ಎಂಬ ಜೋಡಿ ತಂತಿಯಲ್ಲಿ. ತಂತಿಯ ಎರಡು ತುದಿಗೂ 120 ಓಮಿನ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ ಅಳೆದರೆ ಸಾಮಾನ್ಯವಾಗಿ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿರಬಹುದು, ಸೊನ್ನೆ ಬಂದರೆ ಶಾರ್ಟ್. ಹೊರಗಿನಿಂದ ಹಾಕಿಸಿದ ಜಿಪಿಎಸ್, ಸ್ಟೀರಿಯೋ ಇದ್ದರೆ ಮೊದಲು ಅವನ್ನು ಬಿಚ್ಚಿ ನೋಡಿ. ಬಲ್ಬಿನ ಟೆಸ್ಟರನ್ನು ಮಾತ್ರ ಈ ಎರಡು ಪಿನ್ನಿಗೆ ಚುಚ್ಚಬೇಡಿ. ಇನ್ನು ಹಳೇ ಕಾರು. ಅಮೆರಿಕದಲ್ಲಿ ಓಬಿಡಿ-2 ಕಡ್ಡಾಯವಾದದ್ದು 1996ರಲ್ಲಿ, ನಮ್ಮಲ್ಲಿ 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕಾರಾದರೆ ಅಗ್ಗದ ಬ್ಲೂಟೂತ್ ಸ್ಕ್ಯಾನರಿಗೆ ಅದರ ಭಾಷೆಯೇ ಬಾರದಿರಬಹುದು. ಅದು ಕಾರಿನ ತಪ್ಪೇ?

ಇಷ್ಟೆಲ್ಲ ಆದ ಮೇಲೂ ಮೌನವಾದರೆ ಇಸಿಯು ಮಾತೆತ್ತಲಿ, ಬೇಡವೆನ್ನುವುದಿಲ್ಲ. ಆದರೆ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬಂತು, ಎಷ್ಟು ಓಮ್ ಬಂತು ಎಂದು ಬಿಲ್ಲಿನ ಮೇಲೆ ಬರೆದುಕೊಡಿ ಎನ್ನಿ. ಬರೆಯದವರಿಗೆ ದುಡ್ಡು ಕೊಡಬೇಡಿ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಈ ಕ್ಯಾನ್ ವ್ಯವಸ್ಥೆಯನ್ನು 1986ರಲ್ಲಿ ಲೋಕದ ಮುಂದಿಟ್ಟದ್ದು ಜರ್ಮನಿಯ ಬಾಷ್. ಅದೇ ಬಾಷ್ ಆಡುಗೋಡಿಯಲ್ಲಿ ನಮಗೆ ದಶಕಗಳ ಕಾಲ ‘ಮೈಕೋ’ ಆಗಿತ್ತು; 2008ರಲ್ಲಿ ಹೆಸರು ಬದಲಾಯಿತು. ವಾಹನದ ತಂತ್ರಾಂಶ ಬರೆಯುವ ಕೆಲಸ ಇಂದು ಬೆಂಗಳೂರಿನಲ್ಲಿ ನಡೆಯುತ್ತಿದೆ, ಬರೆಯುವವರಲ್ಲಿ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಆದರೆ ನಾನು ಕಂಡ ಯಾವ ಸ್ಕ್ಯಾನರಿನ ಪರದೆಯಲ್ಲೂ ಕನ್ನಡದ ಒಂದು ಸಾಲಿಲ್ಲ. ಕೈಚಳಕವಿರುವ ತಲ್ಲೂರಿನ ಮೆಕ್ಯಾನಿಕ್ ಆ ಪರದೆಯ ಮುಂದೆ ಇನ್ನೊಬ್ಬರನ್ನು ಕರೆಯಬೇಕು!

ಅವರ ಹತ್ತಿರ ಎಣ್ಣೆ ಮೆತ್ತಿದ ಒಂದು ನೋಟುಬುಕ್ ಇತ್ತು. ಗ್ರಾಹಕರಿಂದ ಕೇಳಿ ಕೇಳಿ ಕೋಡುಗಳ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟಿದ್ದರು. ಯು0100 ಎದುರು ಖಾಲಿಯಿತ್ತು. ‘ಎಂಜಿನ್ ಕಂಪ್ಯೂಟರಿನ ಜೊತೆ ಸಂಪರ್ಕ ತಪ್ಪಿದೆ’ ಎಂದು ನಾನು ಬರೆದೆ. ಅವರು ಓದಿ, ಕೆಳಗೆ ತಮ್ಮ ಕೈಯಲ್ಲೇ ಸೇರಿಸಿದರು: ‘ಮೊದಲು ಫ್ಯೂಸ್.’ ಇನ್ನೂ ಎಷ್ಟೋ ಹಾಳೆ ಖಾಲಿಯಿವೆ. ದೀಪಾವಳಿಗೆ ಊರಿಗೆ ಹೋಗುವವರು ಯಾರಿದ್ದೀರಿ?