ನೆಲ ಇಳಿದರೆ ನಲ್ಲಿ ಬರಿದು: ಭೂಗತ ಕೊಳವೆಗಳಿಗೆ ಯಾರ ಕಾವಲು?

ಮುಂಬಯಿ: 2023ರ ನವೆಂಬರ್ 30ರಂದು ಅಂಧೇರಿ ಪೂರ್ವದಲ್ಲಿ ಮೆಟ್ರೋ 6ರ ಕಾಮಗಾರಿಗಾಗಿ ನೆಲ ಕೊರೆಯುವಾಗ 1,800 ಮಿ.ಮೀ. ವ್ಯಾಸದ ಮುಖ್ಯ ನೀರಿನ ಕೊಳವೆಗೆ ರಂಧ್ರ ಬಿದ್ದು, ಪಶ್ಚಿಮ ಉಪನಗರಗಳ ಹಲವೆಡೆ ದಿನಗಟ್ಟಲೆ ನೀರಿಲ್ಲದಾಯಿತು. ತುಳು-ಕನ್ನಡಿಗರ ಮನೆ, ಹೊಟೇಲುಗಳು ಸಾಕಷ್ಟಿರುವ ಭಾಗವಿದು.

ಅದು ಎಲ್ಲರ ಕಣ್ಣಿಗೆ ಬಿದ್ದ ಅವಘಡ. ಸುರಂಗ ಕೊರೆಯುವಾಗ ನೆಲ ಇಳಿದು ಆಗುವ ಹಾನಿ ಮಾತ್ರ ಸದ್ದಿಲ್ಲದ್ದು. 33.5 ಕಿ.ಮೀ. ಉದ್ದದ ಮೆಟ್ರೋ 3 ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆದುಕೊಂಡಿತು. ಗೋರೆಗಾಂವ್-ಮುಲುಂಡ್ ಹಾಗೂ ಆರೆಂಜ್ ಗೇಟ್-ಮರೀನ್ ಡ್ರೈವ್ ಸುರಂಗ ಯೋಜನೆಗಳನ್ನೂ ಕೈಗೆತ್ತಿಕೊಳ್ಳಲಾಗಿದೆ. ಆದ್ದರಿಂದ ಈ ಪ್ರಶ್ನೆ ಮುಗಿದಿಲ್ಲ.

ಸುರಂಗದ ನೇರ ಮೇಲೆ ನೆಲ ಹೆಚ್ಚು ಇಳಿಯುತ್ತದೆ, ಅಕ್ಕಪಕ್ಕದಲ್ಲಿ ಕಡಿಮೆ. ಕೊಳವೆ ಸಮನಾಗಿ ಇಳಿದರೆ ತೊಂದರೆ ಅಲ್ಪ. ಒಂದು ಭಾಗ ನಿಂತು ಇನ್ನೊಂದು ಇಳಿದರೆ ಸಂದು ಬಾಯಿ ಬಿಡುತ್ತದೆ. ಬೆಸುಗೆಯ ಉಕ್ಕಿನ ಕೊಳವೆ ಕೊಂಚ ಬಾಗಿ ತಾಳಿಕೊಂಡರೆ, ಹಳೆಯ ಬೀಡು ಕಬ್ಬಿಣದ ಕೊಳವೆ ಬಿರಿಯುತ್ತದೆ.

ಇದನ್ನು ಮೊದಲೇ ಅರಿಯಲು ಸರ್ವೇ ವಿಧಾನಗಳಿವೆ. ಕೆಲಸದ ಪ್ರಭಾವ ತಟ್ಟದಷ್ಟು ದೂರದ ಗಟ್ಟಿ ನೆಲದಲ್ಲಿ ಬೆಂಚ್ ಮಾರ್ಕ್ ಗುರುತಿಸಿ, ಕೊಳವೆಯ ಸಾಲಿನ ಬಿಂದುಗಳ ಮಟ್ಟವನ್ನು ಲೆವೆಲ್ ಯಂತ್ರದಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಟೋಟಲ್ ಸ್ಟೇಷನ್ ಯಂತ್ರ ಹಗಲಿರುಳು ತಾನಾಗಿಯೇ ಅಳೆಯಬಲ್ಲದು. ಆದರೆ ರಸ್ತೆಯ ಮೇಲೆ ಮಾತ್ರ ಅಳೆದರೆ ಸಾಲದು. ಗಟ್ಟಿ ಕಾಂಕ್ರೀಟ್ ರಸ್ತೆ ಕೆಳಗಿನ ಮಣ್ಣು ಇಳಿದರೂ ಸೇತುವೆಯಂತೆ ನಿಂತಿರಬಹುದು. ಅದಕ್ಕಾಗಿ ಕೊಳವೆಯ ನೆತ್ತಿಗೇ ಸರಳು ಇಳಿಸಿ ಅಳೆಯುವುದು ಹೆಚ್ಚು ನಂಬಿಕೆಯ ದಾರಿ.

ಆರಂಭದ ಅಳತೆಯನ್ನು ಕಾಮಗಾರಿಗೆ ಮುನ್ನವೇ ತೆಗೆದಿರಬೇಕು. ಇಲ್ಲವಾದರೆ ನಂತರದ ಅಂಕಿಗಳಿಗೆ ಹೋಲಿಕೆಯೇ ಇರದು. ಇಷ್ಟು ಇಳಿದರೆ ಎಚ್ಚರಿಕೆ, ಇಷ್ಟಾದರೆ ಕೆಲಸ ಸ್ಥಗಿತ ಎಂಬ ಮಿತಿಗಳೂ ಮೊದಲೇ ನಿಗದಿಯಾಗಬೇಕು. ಅಳತೆ ಗುತ್ತಿಗೆದಾರರ ಕಡತದಲ್ಲೇ ಉಳಿದರೆ ಪ್ರಯೋಜನವಿಲ್ಲ. ಅದು ಅಂದೇ ನೀರು, ಗ್ಯಾಸ್ ಪೂರೈಸುವವರ ಕೈ ಸೇರಬೇಕು.

ನಾಗರಿಕರ ಪಾತ್ರವೂ ಇದೆ. ಸುರಂಗ ಮಾರ್ಗದ ಸಮೀಪದ ಸೊಸೈಟಿಗಳು ರಸ್ತೆ ತಗ್ಗಾದರೆ, ನೀರಿನ ಒತ್ತಡ ಹಠಾತ್ತನೆ ಕುಗ್ಗಿದರೆ ಪಾಲಿಕೆಯ 1916 ಸಹಾಯವಾಣಿಗೆ ತಿಳಿಸಬೇಕು. ಕನ್ನಡ ಸಂಘಗಳು ತಮ್ಮ ವಾರ್ಡ್ ಕಚೇರಿಯಲ್ಲಿ ಅಳತೆಯ ಮಾಹಿತಿ ಕೇಳಿದರೆ ಅದು ತಮ್ಮವರಿಗಷ್ಟೇ ಅಲ್ಲ, ಇಡೀ ಬಡಾವಣೆಗೆ ಮಾಡಿದ ಸೇವೆಯಾಗುತ್ತದೆ.