ಕೋಡ್ ಒಳಗ ‘ಸೀರೆ’ ಅಂತ ಬರೀರಿ | ಪೈಥಾನ್ ಮಾತು, ಭಾಗ 3

ದೋಸ್ತರ, ಮೊದಲ ಸೆಮಿಸ್ಟರ್ ಲ್ಯಾಬ್‌ನಾಗ ನಮ್ಮ ಕಡೆ ಭಾಳ ಮಂದಿ ಎಡವೋದು ಲಾಜಿಕ್‌ಗೆ ಅಲ್ಲ. ಟೋಟಲ್, ಪ್ರೈಸ್, ಪ್ರಿಂಟ್, ಇಫ್ ಎಲ್ಲಾನೂ ಇಂಗ್ಲಿಷ್. ಇದರಾಗ ಪೈಥಾನ್‌ದು ಯಾವುದು, ನಾವು ಇಟ್ಟ ಹೆಸರು ಯಾವುದು? ಕನ್ನಡ ಮೀಡಿಯಂನಿಂದ ಬಂದವರಿಗೆ ಇದನ್ನ ಬಿಡಿಸಿ ಹೇಳದಿದ್ರ ಇಡೀ ಪ್ರೋಗ್ರಾಂ ಬಾಯಿಪಾಠ. ವೈವಾದಾಗ ಒಂದು ಹೆಸರು ಬದಲಿ ಮಾಡು ಅಂದ್ರ ಕೈ ನಿಲ್ತೈತಿ.

ಅದಕ್ಕ ನಾ ಹೇಳೋದು, ಕಲಿಯೋ ದಿನಗಳಲ್ಲಿ ವೇರಿಯೇಬಲ್ ಹೆಸರು ಕನ್ನಡದಾಗ ಇಡ್ರಿ. 2008ರಾಗ ಪೈಥಾನ್ 3 ಬಂದಾಗಿಂದ ಇದು ನಡಿತೈತಿ.

ಸೀರೆ_ಬೆಲೆ = 1800
ಎಣಿಕೆ = 3
ಒಟ್ಟು = ಸೀರೆ_ಬೆಲೆ * ಎಣಿಕೆ

ಕನ್ನಡ ಕಂಡದ್ದು ನಮ್ದು, ಇಂಗ್ಲಿಷ್ ಕಂಡದ್ದು ಪೈಥಾನ್‌ದು. ಮುಗೀತು ಗೊಂದಲ.

ನಿಯಮ ಅವೇ. ಅಂಕಿಯಿಂದ ಶುರು ಮಾಡಂಗಿಲ್ಲ: ‘ಸೀರೆ2’ ಸರಿ, ‘2ಸೀರೆ’ ತಪ್ಪು. ನಡುವ ಜಾಗ ಬಿಡಂಗಿಲ್ಲ. ಇಫ್, ಫಾರ್ ಥರದ ಕೀವರ್ಡ್ ಹೆಸರಾಗಿ ಇಟ್ರ ಪೈಥಾನ್ ಅಲ್ಲೇ ತಡಿತೈತಿ. ಆದ್ರ ‘ಸಮ್’ ಅಂತ ಇಟ್ರ ಸುಮ್ನ ಒಪ್ಕೊಂಡು, ಮುಂದ ಸಮ್ ಫಂಕ್ಷನ್ ಕರೆದಾಗ ಎರರ್ ಕೊಡ್ತೈತಿ. ‘ಮೊತ್ತ’ ಅಂತ ಇಟ್ಟವರಿಗೆ ಈ ಕಾಟ ಇಲ್ಲ.

ದೊಡ್ಡಕ್ಷರ, ಸಣ್ಣಕ್ಷರದ ಜಗಳಾನೂ ಕನ್ನಡದಾಗ ಇಲ್ಲ. ಬದಲಿಗೆ ನಮ್ದೇ ಒಂದು ಐತಿ: ಮೇಲೆ ‘ಸೀರೆ’ ಬರೆದು ಕೆಳಗ ಮಾತಾಡೋ ಹಂಗ ‘ಸೀರಿ’ ಅಂದ್ರ ನೇಮ್‌ಎರರ್. ಹುನಗುಂದದಾಗ ಎರಡೂ ಒಂದೇ, ಪೈಥಾನ್‌ಗೆ ಬ್ಯಾರೆ ಬ್ಯಾರೆ 😄

ಇನ್ನೊಂದು ನೋಡ್ರಿ. ‘ಇಳಕಲ್‌ಸೀರೆ’ ಅಂತ ಕೂಡಿಸಿ ಟೈಪ್ ಮಾಡಿದಾಗ, ‘ಲ್’ಗೆ ‘ಸ’ ಒತ್ತಾಗದಂಗ ಕಣ್ಣಿಗೆ ಕಾಣದ ಒಂದು ಅಕ್ಷರ ನಡುವ ಕುಂತಿರ್ತೈತಿ. ಪೈಥಾನ್ ಅದನ್ನ ಒಪ್ಪಂಗಿಲ್ಲ. ‘ಇಳಕಲ್_ಸೀರೆ’ ಅಂತ ಬರೀರಿ.

‘ಕಂಪನಿಗೆ ಹೋದ್ರ ಇಂಗ್ಲಿಷೇ ಬೇಕಲ್ಲ?’ ಹೌದು, ಬೇಕು. ಬ್ಯಾರೆ ಭಾಷೆಯವರ ಜೊತೆ ಬರೆಯೋ ಕೋಡ್ ಇಂಗ್ಲಿಷ್‌ನಾಗೇ ಇರ್ಲಿ. ಘಳಿಗೆಗೊಮ್ಮೆ ಕೀಬೋರ್ಡ್ ಬದಲಿ ಮಾಡೋದು ಕಿರಿಕಿರಿ, ಅದೂ ಖರೆ. ಆದ್ರ ನಮ್ಮ ಲ್ಯಾಬ್ ರೆಕಾರ್ಡ್ ತುಂಬ ಇರೋ ಎ, ಬಿ, ಸಿ ಯಾವ ಇಂಗ್ಲಿಷ್? ‘ಎ’ ಅಂದ್ರ ಸೆರಗೋ, ದಡಿಯೋ, ಒಡಲೋ? ಬರೆದವರಿಗೇ ಮರುದಿನ ನೆನಪಿರಂಗಿಲ್ಲ. ಮೊದಲು ‘ದಡಿ_ಅಗಲ’ ಅಂತ ತಿಳಿದು ಬರೆದವರು ನಾಳೆ ಅದನ್ನೇ ಇಂಗ್ಲಿಷ್‌ನಾಗ ಬರೀತಾರ. ‘ಎ’ ಅಂತ ಕಾಪಿ ಹೊಡೆದವರಿಗೆ ಎರಡೂ ಭಾಷೆದಾಗ ಕಷ್ಟ.

ಇಂಟರ್ನಲ್ ಮಾರ್ಕ್ಸ್ ಇರೋ ಪ್ರೋಗ್ರಾಂ ಆದ್ರ ಮಾತ್ರ ಮೊದಲು ಸರ್‌ನ ಕೇಳ್ರಿ 🙏

ಬಾಗಲಕೋಟೆ, ಬಾದಾಮಿ, ಇಳಕಲ್ ಮಂದಿ, ನಿಮ್ಮ ಮನಿ ಲೆಕ್ಕದ ಒಂದು ಪ್ರೋಗ್ರಾಂ ಕನ್ನಡ ಹೆಸರಿನಾಗ ಬರೆದು ಸ್ಟೋರಿಗೆ ಹಾಕ್ರಿ. ಮುಂದಿನ ಭಾಗದಾಗ ಫಂಕ್ಷನ್ ಹೆಸರು.