ಆಟವೂ ನೆನಪೂ

ಮಲಪ್ರಭೆಯ ದಡದ ಐಹೊಳೆ, ಪಟ್ಟದಕಲ್ಲುಗಳನ್ನೂ ಕೆಂಪು ಬಂಡೆಗಳ ಮಡಿಲಲ್ಲಿರುವ ಬಾದಾಮಿಯನ್ನೂ ನೋಡಬಂದವರು ಸಾಮಾನ್ಯವಾಗಿ ತಲೆಯೆತ್ತಿ ನಡೆಯುತ್ತಾರೆ. ಕಂಬಗಳ ಕೆತ್ತನೆ, ಛತ್ತಿನ ಶಿಲ್ಪ, ಗೋಡೆಯ ವಿಗ್ರಹಗಳು ಅವರ ಕಣ್ಣನ್ನು ಮೇಲಕ್ಕೇ ಸೆಳೆಯುತ್ತವೆ. ತಲೆ ತಗ್ಗಿಸಿ ನೆಲವನ್ನು ನೋಡುವವರು ವಿರಳ. ಹಾಗೆ ನೋಡಿದವರಿಗೆ ಅಲ್ಲಲ್ಲಿ ನೆಲಗಲ್ಲುಗಳ ಮೇಲೆ ಕೊರೆದ ಚೌಕಗಳು, ಗೀಟು ಹಾಕಿದ ಮನೆಗಳು, ಸಾಲುಸಾಲಾದ ಸಣ್ಣ ಗುಳಿಗಳು ಕಾಣಸಿಗುತ್ತವೆ. ಅವು ಆಟದ ಮನೆಗಳು. ಅವುಗಳನ್ನು ಕೊರೆದವರು ಗುಡಿ ಕಟ್ಟಿದ ಕಲ್ಲುಕುಟಿಗರೋ, ನೆರಳಿಗೆ ಬಂದ ಯಾತ್ರಿಕರೋ, ದನಗಾಹಿ ಹುಡುಗರೋ ಹೇಳುವುದು ಕಷ್ಟ. ಗುಡಿ ಚಾಲುಕ್ಯರ ಕಾಲದ್ದಾದ ಮಾತ್ರಕ್ಕೆ ಅದರ ನೆಲದ ಮೇಲಿನ ಗೆರೆಯೂ ಅದೇ ಕಾಲದ್ದೆನ್ನಲಾಗದು. ಆದರೆ ಒಂದು ಮಾತು ನಿಶ್ಚಯ: ಕಲ್ಲಿನಲ್ಲಿ ಕೊರೆದುಕೊಳ್ಳುವಷ್ಟು ಪ್ರೀತಿಯಿಂದ ಜನರು ಆ ಆಟಗಳನ್ನು ಆಡಿದ್ದರು, ನಾಳೆಯೂ ಆಡುವೆವೆಂದು ನಂಬಿದ್ದರು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮನೆಗಳಲ್ಲಿ ಇಂದು ಮೂರು ತಲೆಮಾರುಗಳು ಒಂದೇ ಸೂರಿನಡಿ ಮೂರು ಬಗೆಯ ಆಟಗಳ ನೆನಪನ್ನು ಹೊತ್ತು ಬಾಳುತ್ತಿವೆ. ಅಜ್ಜ ಅಜ್ಜಿಯರ ಪಾಲಿಗೆ ಆಟವೆಂದರೆ ಚೌಕಾಬಾರ, ಅಳಗುಳಿಮಣೆ, ಚಿಣಿಪಣಿ, ಬಗರಿ, ಗೋಲಿಗುಂಡ. ಸಾವಿರದ ಒಂಬೈನೂರ ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದ ತಂದೆ ತಾಯಿಯರ ಪಾಲಿಗೆ ಆಟವೆಂದರೆ ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ, ಅದರೊಳಗೆ ಸಿಕ್ಕಿಸುವ ಕ್ಯಾಸೆಟ್ಟು, ಜಿಗಿಯುವ ಮಾರಿಯೋ, ಅಂಗೈಯಗಲದ ಯಂತ್ರದಲ್ಲಿ ಉದುರುವ ಇಟ್ಟಿಗೆಗಳು. ಮಕ್ಕಳ ಪಾಲಿಗೆ ಆಟವೆಂದರೆ ಮೊಬೈಲು. ಇಲ್ಲಿ ಒಂದು ವಿನೋದವಿದೆ. ಕ್ಯಾಸೆಟ್ಟಿನ ಆಟಕ್ಕೆ ಅಂಟಿಕೊಂಡ ಮಗನನ್ನು ಅಂದಿನ ಹಿರಿಯರು ಕಣ್ಣು ಕೆಡುವುದೆಂದೂ ಓದು ಹಾಳಾಗುವುದೆಂದೂ ಗದರಿಸಿದ್ದರು. ಆ ಮಗನೇ ಇಂದು ತಂದೆಯಾಗಿ ತನ್ನ ಮಗನನ್ನು ಅದೇ ಮಾತುಗಳಿಂದ ಗದರಿಸುತ್ತಾನೆ. ತನ್ನ ಕಾಲದ ಆಟಗಳಲ್ಲಿ ಇದ್ದ ಸತ್ವ ಇಂದಿನವುಗಳಲ್ಲಿ ಇಲ್ಲವೆನ್ನುತ್ತಾನೆ. ಗದರಿಕೆ ಬದಲಾಗಲಿಲ್ಲ, ಗದರಿಸುವವನ ಸ್ಥಾನ ಮಾತ್ರ ಬದಲಾಯಿತು.

ಹೀಗಿರಲು, ಹಳೆಯ ಆಟಗಳು ನಿಜವಾಗಿಯೂ ಉತ್ತಮವಾಗಿದ್ದವೇ, ಅಥವಾ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುತ್ತಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಇದು ಹೊಸ ಪ್ರಶ್ನೆಯೇನೂ ಅಲ್ಲ. ಕಾಳಿದಾಸನು ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಹಳಬರ ನಾಟಕಗಳಿರುವಾಗ ಹೊಸಬನ ನಾಟಕವೇಕೆ ಎಂಬ ಆಕ್ಷೇಪವನ್ನು ಎತ್ತಿ, ಬಲ್ಲವರು ಪರೀಕ್ಷಿಸಿಯೇ ಒಪ್ಪಬೇಕೆಂಬ ನಿಲುವನ್ನು ತಳೆದಿದ್ದಾನೆ. ಆಟಗಳ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲಬೇಕು.

ಪರೀಕ್ಷೆಗೆ ಮೊದಲು, ನೆನಪಿನಲ್ಲಿ ಏನೇನು ಬೆರೆತಿದೆಯೆಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಬಾಗಲಕೋಟೆಯ ನಿದರ್ಶನವೇ ಇದಕ್ಕೆ ಸಾಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರಿನ ಬಹುಭಾಗ ಮುಳುಗಡೆಯಾಯಿತು. ಜನರು ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದರು. ಅಲ್ಲಿ ರಸ್ತೆಗಳು ಅಗಲವಾಗಿವೆ, ಮನೆಗಳು ಸಾಲಾಗಿವೆ. ಆದರೆ ಬಗರಿ ಆಡಿಸಿದ ಓಣಿ, ಚೌಕಾಬಾರದ ಗೆರೆ ಎಳೆದ ಕಟ್ಟೆ, ಗೋಲಿಯ ಗುಳಿ ತೋಡಿದ ಅಂಗಳ ಅಲ್ಲಿಲ್ಲ. ಆ ಊರಿನ ಹಿರಿಯರು ತಮ್ಮ ಕಾಲದ ಆಟಗಳನ್ನು ಹೊಗಳುವಾಗ ಆಟವನ್ನಷ್ಟೇ ಹೊಗಳುತ್ತಿಲ್ಲ. ನೀರಿನಡಿ ಸೇರಿದ ಓಣಿಗಾಗಿ, ಜೊತೆಗೆ ಆಡಿ ದೂರ ಸರಿದ ಗೆಳೆಯರಿಗಾಗಿ, ಮತ್ತೆ ಬಾರದ ತಮ್ಮ ಬಾಲ್ಯಕ್ಕಾಗಿ ಮರುಗುತ್ತಿದ್ದಾರೆ. ಈ ಮರುಕ ಗೌರವಕ್ಕೆ ಅರ್ಹವಾದುದು. ಆದರೆ ಮರುಕವು ಆಟದ ಗುಣಕ್ಕೆ ಸಾಕ್ಷಿಯಾಗಲಾರದು. ಆ ಓಣಿಯನ್ನು ಕಾಣದೆ ನವನಗರದಲ್ಲಿ ಹುಟ್ಟಿದ ಬಾಲಕನಿಗೆ ಆ ಮಾತುಗಳು ಆಹ್ವಾನವಾಗಿ ಕೇಳಿಸದೆ ಆಕ್ಷೇಪಣೆಯಾಗಿ ಕೇಳಿಸಿದರೆ ಅದು ಬಾಲಕನ ತಪ್ಪಲ್ಲ.

ನೆನಪು ಕೆಲವನ್ನು ಮರೆಸುತ್ತದೆಯೆಂಬುದೂ ಸತ್ಯ. ಚಿಣಿ ತಾಗಿ ಕಣ್ಣು ಕಳೆದುಕೊಂಡವರ ಮಾತು ಹೊಗಳಿಕೆಯ ನಡುವೆ ಬರುವುದಿಲ್ಲ. ಹುಡುಗರು ಬಯಲಿನಲ್ಲಿ ಓಡಾಡುತ್ತಿದ್ದಾಗ ಅನೇಕ ಮನೆಗಳ ಹೆಣ್ಣುಮಕ್ಕಳಿಗೆ ಪಡಸಾಲೆಯ ಅಳಗುಳಿಮಣೆಯಷ್ಟೇ ಬಯಲಾಗಿತ್ತು. ಗುಡಿಯ ಕಟ್ಟೆಯ ಮೇಲೆ ಕೂತು ಆಡಲು ಊರಿನ ಎಲ್ಲ ಕೇರಿಗಳ ಮಕ್ಕಳಿಗೂ ಅವಕಾಶವಿರಲಿಲ್ಲ. ಪಗಡೆಯ ಪಣದಲ್ಲಿ ರಾಜ್ಯವನ್ನೇ ಸೋತ ಧರ್ಮರಾಯನ ಕಥೆಯನ್ನು ಹೇಳಿದ ನಾಡಿನಲ್ಲಿ, ಜೂಜು ಇಂದಿನ ಯಂತ್ರಗಳು ತಂದ ಕೇಡೆಂದು ಹೇಳುವುದು ಸರಿಯಲ್ಲ. 2025ರಲ್ಲಿ ಭಾರತದ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಬೇಕಾಯಿತು; ಆದರೆ ಆ ಚಪಲ ಮೊಬೈಲಿಗಿಂತ ಬಹಳ ಹಳೆಯದು.

ಹಾಗಾದರೆ ಹಳೆಯ ಆಟಗಳೆಲ್ಲವೂ ನೆನಪಿನ ಬಣ್ಣ ಮಾತ್ರವೇ? ಹಾಗೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ಒಳ್ಳೆಯ ಆಟಕ್ಕೆ ಕೆಲವು ಲಕ್ಷಣಗಳುಂಟು. ಅದರ ನಿಯಮಗಳನ್ನು ಸ್ವಲ್ಪ ಹೊತ್ತಿನಲ್ಲಿ ಕಲಿಯಬಹುದು, ಆದರೆ ಅದರ ಮರ್ಮ ಬೇಗನೆ ಮುಗಿಯುವುದಿಲ್ಲ. ಪ್ರತಿ ಸಲವೂ ಅದು ಬೇರೆ ದಾರಿ ಹಿಡಿಯುತ್ತದೆ. ಸೋತವನು ಸಿಟ್ಟಿನಿಂದ ಎದ್ದುಹೋಗದೆ ‘ಇನ್ನೊಂದು ಆಟ’ ಎನ್ನುತ್ತಾನೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಚಿನ್ನ ಯಾವುದು, ಹಿತ್ತಾಳೆ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಚೌಕಾಬಾರವನ್ನೇ ನೋಡಬಹುದು. ಐದೈದು ಮನೆಗಳ ಒಂದು ಚೌಕ, ನಾಲ್ಕು ಕವಡೆ ಅಥವಾ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇಷ್ಟೇ ಸಾಮಗ್ರಿ. ನಾಲ್ಕು ಬೀಜಗಳು ಒಟ್ಟು 16 ಬಗೆಯಲ್ಲಿ ಬೀಳಬಹುದು. ಎರಡೂ ಮಗ್ಗುಲು ಸಮನಾಗಿ ಬೀಳುವುದಾದರೆ ಆ 16ರಲ್ಲಿ ‘ಎರಡು’ ಬೀಳುವುದು 6 ಬಗೆ. ಎಲ್ಲವೂ ಬೆಳ್ಳಗೆ ಬಿದ್ದು ‘ನಾಲ್ಕು’ ಆಗುವುದು ಒಂದೇ ಬಗೆ. ಎಲ್ಲವೂ ಕಪ್ಪಗೆ ಬಿದ್ದು ‘ಎಂಟು’ ಆಗುವುದೂ ಒಂದೇ ಬಗೆ. ಅಪರೂಪಕ್ಕೆ ಬೀಳುವ ಈ ನಾಲ್ಕು ಮತ್ತು ಎಂಟುಗಳಿಗೇ ಮತ್ತೊಮ್ಮೆ ಹಾಕುವ ಭಾಗ್ಯವನ್ನು ಆಟ ನೀಡಿದೆ. ಗಣಿತದ ಪುಸ್ತಕ ಓದದ ಅಜ್ಜಿಯೂ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ತನ್ನ ಕಾಯಿಯನ್ನು ನಿಲ್ಲಿಸಲು ಹಿಂಜರಿಯುತ್ತಿದ್ದಳು. ಇನ್ನೂ ಒಂದು ಜಾಣತನ ಈ ಆಟದಲ್ಲಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮ ಅನೇಕ ಕಡೆಗಳಲ್ಲಿ ಬಳಕೆಯಲ್ಲಿದೆ. ಕೇವಲ ಅದೃಷ್ಟವನ್ನು ನಂಬಿ ಸುರಕ್ಷಿತವಾಗಿ ಸಾಗುವವನನ್ನು ಈ ನಿಯಮ ಕದನಕ್ಕೆ ಎಳೆಯುತ್ತದೆ.

ಆಡು–ಹುಲಿಯ ಆಟ ಇನ್ನೂ ವಿಚಿತ್ರವಾದುದು. ಇದರಲ್ಲಿ ಎರಡು ಪಕ್ಷಗಳೂ ಸಮಾನವಲ್ಲ. ದಕ್ಷಿಣ ಭಾರತದ ಪ್ರಚಲಿತ ಬಗೆಯೊಂದರಲ್ಲಿ ಒಬ್ಬನಿಗೆ 3 ಹುಲಿಗಳು, ಇನ್ನೊಬ್ಬನಿಗೆ 15 ಆಡುಗಳು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಆಡು ಯಾರನ್ನೂ ತಿನ್ನಲಾರದು. ಆದರೂ ಆಡುಗಳು ಒಂದರ ಬೆನ್ನಿಗೆ ಒಂದು ನಿಂತು ಹುಲಿಗೆ ಹೆಜ್ಜೆಯಿಡಲು ಜಾಗವಿಲ್ಲದಂತೆ ಮಾಡಿದರೆ ಗೆಲುವು ಅವುಗಳದೇ. ಈ ಆಟದ ದಾಯಾದಿಯೊಂದು ನೇಪಾಳದಲ್ಲಿದೆ. ಅದರಲ್ಲಿ 4 ಹುಲಿ, 20 ಆಡು. ಅದನ್ನು ಸಂಶೋಧಕರು ಕಂಪ್ಯೂಟರಿನ ಸಹಾಯದಿಂದ ಕೂಲಂಕಷವಾಗಿ ಪರಿಶೀಲಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರು, ಆಟ ಸಮಸಮವಾಗುತ್ತದೆ ಎಂದು ತೋರಿಸಿದ್ದಾರೆ. ಬಲವಂತರಿಗೂ ದುರ್ಬಲರಿಗೂ ನಡುವೆ ಇಷ್ಟು ಸೂಕ್ಷ್ಮವಾದ ತೂಕವನ್ನು ಹೆಸರಿಲ್ಲದ ಜನರು ಹಿಡಿದುಕೊಟ್ಟರೆಂಬುದು ಬೆರಗಿನ ಸಂಗತಿ. ಇಂಥ ಆಟಕ್ಕೆ ನೆನಪಿನ ಶಿಫಾರಸು ಬೇಕಿಲ್ಲ.

ಇನ್ನು ಎರಡನೆಯ ತಲೆಮಾರಿನ ಯಂತ್ರದ ಆಟಗಳು. ಇವುಗಳೂ ಈಗ ಹಳೆಯವೇ. 1980ರಲ್ಲಿ ಜಪಾನಿನಲ್ಲಿ ಪ್ಯಾಕ್‌ಮನ್ ಬಂದಿತು. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ರಚಿಸಿದನು. 1985ರಲ್ಲಿ ನಿಂಟೆಂಡೊ ಸಂಸ್ಥೆಯ ಸೂಪರ್ ಮಾರಿಯೋ ಬಂದಿತು. 1997ರಲ್ಲಿ ನೋಕಿಯಾ ಫೋನಿನೊಳಗೆ ಹಾವು ಹರಿದಾಡತೊಡಗಿತು. ಇವುಗಳ ಚಿತ್ರಗಳು ಇಂದಿನ ಕಣ್ಣಿಗೆ ಒರಟಾಗಿ ತೋರುತ್ತವೆ. ಆದರೂ ಟೆಟ್ರಿಸ್ ಮಾಸಲಿಲ್ಲ. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಸಂದುಬಿಡದೆ ಜೋಡಿಸಿದರೆ ಸಾಲು ಕರಗುತ್ತದೆ. ಇದಕ್ಕೆ ಭಾಷೆ ಬೇಕಿಲ್ಲ, ಕಥೆ ಬೇಕಿಲ್ಲ. ಈ ಆಟದ 1989ರ ಆವೃತ್ತಿಯೊಂದನ್ನು ಯಂತ್ರವೇ ಮುಂದುವರಿಯಲಾರದೆ ಸ್ಥಗಿತಗೊಳ್ಳುವವರೆಗೆ ಆಡಿದ ಮೊದಲ ಮನುಷ್ಯನು ಅಮೆರಿಕದ 13 ವರ್ಷದ ಬಾಲಕ. ಅದು ನಡೆದದ್ದು 2023ರ ಡಿಸೆಂಬರಿನಲ್ಲಿ. ತಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ತಯಾರಾದ ಆಟದ ಬಗ್ಗೆ ಆ ಬಾಲಕನಿಗೆ ಬಾಲ್ಯದ ಹಂಬಲ ಇರಲು ಸಾಧ್ಯವೇ ಇರಲಿಲ್ಲ. ಅವನನ್ನು ಸೆಳೆದದ್ದು ಆಟದ ಸ್ವಂತ ಸತ್ವವೇ.

ಆದರೆ ಆ ಕಾಲದ ಎಲ್ಲವೂ ಟೆಟ್ರಿಸ್ ಆಗಿರಲಿಲ್ಲ. ಸಾವಿರಾರು ಆಟಗಳಿವೆಯೆಂದು ಮುಖದ ಮೇಲೆ ಬರೆದುಕೊಂಡ ಕ್ಯಾಸೆಟ್ಟುಗಳಲ್ಲಿ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಆಟಗಾರನನ್ನು ಬೇಗ ಸೋಲಿಸುವುದೇ ವ್ಯಾಪಾರದ ಗುಟ್ಟಾಗಿತ್ತು. ಅಲ್ಲಿನ ಕಾಠಿಣ್ಯವನ್ನು ಈಗ ‘ಪರಿಶ್ರಮ ಕಲಿಸುವ ಗುಣ’ವೆಂದು ಹೊಗಳುವುದು ಅಷ್ಟೊಂದು ಸರಿಯಲ್ಲ. ಮಾರಿಯೋವಿನ 32 ಹಂತಗಳ ನಡುವೆ ವಿದ್ಯುತ್ತು ಹೋದರೆ ಮೊದಲಿನಿಂದ ಆರಂಭಿಸಬೇಕಿತ್ತು. ಬೇಸಿಗೆಯಲ್ಲಿ ಮೇಲಿಂದ ಮೇಲೆ ವಿದ್ಯುತ್ತು ಹೋಗುವ ಊರಿನ ಹುಡುಗರಿಗೆ ಅದು ಆಟದ ಸೊಗಸಾಗಿರಲಿಲ್ಲ, ಸಂಕಟವಾಗಿತ್ತು. ಇಂದಿನ ಹುಡುಗನು ಅದನ್ನು ಬೇಡವೆಂದರೆ ಅವನಲ್ಲಿ ತಾಳ್ಮೆಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಇಳಕಲ್ಲಿನ ಸೀರೆ ಈ ಮಾತಿಗೆ ಒಂದು ಬೆಳಕನ್ನು ನೀಡುತ್ತದೆ. ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿಗಳಿಂದ ಒಂದಕ್ಕೊಂದು ಸಿಕ್ಕಿಸಿ ನೇಯುವ ಆ ಕಲೆ ಬಹಳ ಹಳೆಯದು. ಆದರೆ ಸೀರೆ ಇಂದಿಗೂ ಉಳಿದಿರುವುದು ಹಳೆಯದೆಂಬ ಕಾರಣದಿಂದಲ್ಲ. ಸೆರಗಿನ ಕೆಂಪು ಬಿಳುಪುಗಳ ಅಂದ ಇಂದಿನ ತರುಣಿಯ ಕಣ್ಣಿಗೂ ಹಿಡಿಸುವುದರಿಂದ ಅದು ಉಳಿದಿದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆ ನೆನಪು. ಮೊಮ್ಮಗಳು ಉಟ್ಟು ನಡೆದ ಸೀರೆ ಪರಂಪರೆ. ಆಟಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇಲ್ಲಿ ಹಿರಿಯರ ಹೊಣೆಯೊಂದು ಎದುರಾಗುತ್ತದೆ. ಆಟವು ಪುಸ್ತಕದಲ್ಲಿ ಉಳಿಯುವ ವಸ್ತುವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದು ಅನೇಕ ಆಟಗಳನ್ನು ರಚಿಸಿದರು, ಅವುಗಳ ವಿವರ ಬರೆಯಿಸಿದರು. ಅವುಗಳಲ್ಲಿ ಹಲವು ಇಂದು ವಿದ್ವಾಂಸರ ಅಧ್ಯಯನಕ್ಕೆ ವಸ್ತುವಾಗಿವೆ. ಆದರೆ ಯಾರೂ ಬರೆದಿಡದ ಚೌಕಾಬಾರ ಅಜ್ಜಿಯ ಬಾಯಿಂದ ಮೊಮ್ಮಗುವಿನ ಕೈಗೆ ಬಂದು ಬದುಕಿತು. ಆ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿಯುವುದು ಕಲ್ಲಿನ ಮೇಲಿನ ಗೆರೆ ಮಾತ್ರ. ಐಹೊಳೆಯ ನೆಲದ ಕೆಲವು ಗುಳಿಗಳ ಮುಂದೆ ನಿಂತು ಇವುಗಳನ್ನು ಹೇಗೆ ಆಡುತ್ತಿದ್ದರೆಂದು ಊಹಿಸಬೇಕಾಗಿ ಬಂದಿರುವುದು ಹೀಗೆಯೇ. ಮನೆ ಇದೆ, ಆಟವಿಲ್ಲ.

ಆದುದರಿಂದ ಹಳೆಯ ಆಟಗಳ ಹೊಗಳಿಕೆ ಕಡಮೆಯಾಗಿ ಆಟ ಹೆಚ್ಚಾಗಬೇಕು. ಸೀಮೆಸುಣ್ಣದ ಒಂದು ತುಂಡು, ನಾಲ್ಕು ಹುಣಸೆಬೀಜ, ಶಾಲೆಯ ಜಗಲಿಯ ಒಂದು ಮೂಲೆ ಇಷ್ಟಿದ್ದರೆ ಚೌಕಾಬಾರಕ್ಕೆ ಸಾಕು. ಹಿರಿಯರು ಮಗುವಿನ ಎದುರು ಕೂತು, ಉಪದೇಶ ಮಾಡದೆ, ಗೆಲ್ಲುವ ಮನಸ್ಸಿನಿಂದಲೇ ಆಡಬೇಕು. ಮಗುವು ಮೊಬೈಲಿನ ತನ್ನ ಆಟವನ್ನು ಕಲಿಸಲು ಬಂದಾಗ ಅವರೂ ಶಿಷ್ಯರಾಗಿ ಕೂರಬೇಕು. ಆಗ ಯಾವ ಆಟದಲ್ಲಿ ಸತ್ವವಿದೆ, ಯಾವುದರಲ್ಲಿ ಬರಿಯ ಥಳಕಿದೆ ಎಂಬುದನ್ನು ಇಬ್ಬರೂ ಕೂಡಿಯೇ ಕಂಡುಕೊಳ್ಳುವರು. ಕೆಲವು ಹಳೆಯ ಆಟಗಳು ಈ ಪರೀಕ್ಷೆಯಲ್ಲಿ ಸೋಲುವುವು, ಅದಕ್ಕೆ ಮರುಗಬೇಕಾಗಿಲ್ಲ. ಯಾವ ಆಟ ಮುಗಿದೊಡನೆ, ಅದರ ನೆನಪೇ ಇಲ್ಲದ ಮಗು ಬೀಜಗಳನ್ನು ತಾನಾಗಿ ಕೈಗೆತ್ತಿಕೊಂಡು ಇನ್ನೊಮ್ಮೆ ಎನ್ನುವುದೋ ಆ ಆಟ ಹಳೆಯದಲ್ಲ.